ಮಕ್ಕಳು ಊರಲ್ಲಿಲ್ಲ, ಹಗಲು ಮಾತ್ರ ಉದ್ದ

ಜೂನ್ ಹೊತ್ತಿಗೆ ಮೂಡುಬಿದಿರೆ, ಮಂಗಳೂರು ಕಡೆಯ ವಸತಿ ಕಾಲೇಜುಗಳ ಗೇಟಿನ ಮುಂದೆ ಕಾರುಗಳ ಸಾಲು ನಿಲ್ಲುತ್ತದೆ. ಡಿಕ್ಕಿ ತೆಗೆದರೆ ಬಕೆಟ್ಟು, ಮಗ್ಗು, ಸುತ್ತಿದ ಹಾಸಿಗೆ, ಹೊಸ ಬೀಗ, ಚಟ್ನಿಪುಡಿ ತುಂಬಿದ ಹಾರ್ಲಿಕ್ಸ್ ಬಾಟಲಿ. ಮೊದಲ ಪಿಯುಸಿಗೆ ಸೇರಿದ ಹದಿನಾರರ ಮಗಳನ್ನು ಒಳಗೆ ಕಳಿಸಿ ದಾವಣಗೆರೆಗೋ ಹಾಸನಕ್ಕೋ ಕಾರು ತಿರುಗಿಸುವ ಅಪ್ಪ-ಅಮ್ಮನಿಗೆ ಇನ್ನೂ ನಲವತ್ತೈದರ ಆಸುಪಾಸು. ಹಿಂದೆ ಮಗಳ ಮದುವೆಯಾದಾಗಲೋ ಮಗನಿಗೆ ದೂರದ ಕೆಲಸ ಸಿಕ್ಕಾಗಲೋ ಬರಿದಾಗುತ್ತಿದ್ದ ಮನೆ ಈಗ ಹತ್ತನೇ ತರಗತಿ ಮುಗಿದ ಕೂಡಲೇ ಬರಿದಾಗುತ್ತಿದೆ. ಪಿಯುಸಿ ಆದ ಮೇಲೆ ಎಂಜಿನಿಯರಿಂಗ್, ಆಮೇಲೆ ಬೆಂಗಳೂರಿನಲ್ಲಿ ಕೆಲಸ, ಅಲ್ಲಿಂದ ಡಲ್ಲಾಸೋ ಡಬ್ಲಿನ್ನೋ. ಹಬ್ಬ, ರಜೆ ಬಿಟ್ಟರೆ ಆ ಮಗು ಬೆಳೆದ ಮನೆಯಲ್ಲಿ ಮತ್ತೆ ನೆಲೆ ನಿಲ್ಲುವುದು ಅಪರೂಪ.

ಅಂದರೆ ಮಕ್ಕಳನ್ನು ಸಾಕುವುದಕ್ಕೆ ಹದಿನಾರು ವರ್ಷ. ಅವರು ಹೊರಟ ಮೇಲೆ ಗಂಡ-ಹೆಂಡತಿ ಇಬ್ಬರೇ ಬಾಳಬೇಕಾದದ್ದು ಮೂವತ್ತು, ಮೂವತ್ತೈದು ವರ್ಷ. ಮೊದಲಿನದಕ್ಕೆ ಲಸಿಕೆಯಿಂದ ಹಿಡಿದು ಫೀಸಿನವರೆಗೆ ಎಷ್ಟೊಂದು ತಯಾರಿ ಮಾಡಿಕೊಳ್ಳುತ್ತೇವೆ. ಎರಡನೆಯದಕ್ಕೆ ಏನೂ ಇಲ್ಲ. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ 60 ದಾಟಿದವರು ಹತ್ತು ಕೋಟಿ ಮೀರಿದ್ದರು. ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತೂವರೆಯಷ್ಟು ಜನ ಆ ವಯಸ್ಸಿನವರಾಗಿದ್ದರು.

ಇಂಥ ಮನೆಗಳಲ್ಲಿ ಮೊದಲು ತಪ್ಪುವುದು ದಿನದ ಲಯ. ಐದೂವರೆಗೆ ಏಳುತ್ತಿದ್ದದ್ದು ಶಾಲೆಯ ವ್ಯಾನಿಗಾಗಿ. ಒಂಬತ್ತರೊಳಗೆ ಅಡುಗೆ ಮುಗಿಯುತ್ತಿದ್ದದ್ದು ಡಬ್ಬಿಗಾಗಿ. ಸಂಜೆ ನಾಲ್ಕಕ್ಕೆ ಹಾಲು ಕಾಯಿಸುತ್ತಿದ್ದದ್ದು, ಟ್ಯೂಷನ್ನಿಗೆ ಸ್ಕೂಟರ್ ತೆಗೆಯುತ್ತಿದ್ದದ್ದು, ಟಿವಿ ಆರಿಸುತ್ತಿದ್ದದ್ದು ಎಲ್ಲವೂ ಮಕ್ಕಳ ವೇಳಾಪಟ್ಟಿಯಂತೆ. ಅವರು ಹೊರಟರೆ ವೇಳಾಪಟ್ಟಿಯೂ ಹೊರಡುತ್ತದೆ. ಆ ಜಾಗಕ್ಕೆ ಫೋನು ಬಂದು ಕೂರುತ್ತದೆ. ಈಗ ಮಗನ ಕರೆ ಎಷ್ಟು ಹೊತ್ತಿಗೆ ಎಂಬುದರ ಮೇಲೆ ಸ್ನಾನ, ಪೂಜೆ, ತಿಂಡಿ, ಪೇಟೆಗೆ ಹೋಗುವುದು ಎಲ್ಲ ನಿರ್ಧಾರವಾಗುತ್ತವೆ. ಕರೆ ಬಂದರೆ ಹಬ್ಬ, ಬಾರದಿದ್ದರೆ ಇಡೀ ದಿನ ಮುಖ ಸಣ್ಣದು. ಹೊತ್ತು ಕಳೆಯುವ ಉಪಾಯಗಳ ಪಟ್ಟಿ ಯಾರು ಬೇಕಾದರೂ ಕೊಡಬಹುದು. ಆದರೆ ದಿನವನ್ನು ಫೋನಿನ ಕೊಕ್ಕೆಯಿಂದ ಬಿಡಿಸದಿದ್ದರೆ ಆ ಪಟ್ಟಿಯಿಂದ ಪ್ರಯೋಜನವಿಲ್ಲ. ಹಾಗಾಗಿ ಮೊದಲು ಫೋನಿನ ವಿಚಾರ.

ಕರೆಗೂ ಒಂದು ಕಟ್ಟುಪಾಡು

ಮಕ್ಕಳು ವಿದೇಶದಲ್ಲಿದ್ದರೆ ಮೊದಲು ತಿಳಿಯಬೇಕಾದದ್ದು ಅಲ್ಲಿನ ಗಡಿಯಾರ. ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ನ್ಯೂಯಾರ್ಕ್ ಒಂಬತ್ತೂವರೆ ಅಥವಾ ಹತ್ತೂವರೆ. ಲಂಡನ್ ನಾಲ್ಕೂವರೆ ಅಥವಾ ಐದೂವರೆ. ದುಬೈ ವರ್ಷವಿಡೀ ಒಂದೂವರೆ ಗಂಟೆ ಹಿಂದೆ, ಸಿಂಗಪುರ ವರ್ಷವಿಡೀ ಎರಡೂವರೆ ಗಂಟೆ ಮುಂದೆ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಬ್ರಿಟನ್ನಿನಲ್ಲಿ ಇದು ನಡೆಯುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು. ಸ್ಯಾನ್ ಹೋಸೆಯಲ್ಲಿರುವ ಮಗಳು ಸಂಜೆ ಏಳಕ್ಕೆ ಫೋನ್ ಮಾಡುವವಳಾದರೆ ಬೇಸಿಗೆಯಲ್ಲಿ ಅದು ನಮ್ಮ ಬೆಳಗಿನ ಏಳೂವರೆ. ನವೆಂಬರ್ ಬಂದೊಡನೆ ಎಂಟೂವರೆ. ದೀಪಾವಳಿ ಕಳೆದ ಮೇಲೆ ‘ಇವಳು ಯಾಕೋ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಿಲ್ಲ’ ಎಂದು ಅದೆಷ್ಟು ಮನೆಗಳಲ್ಲಿ ಕೊರಗು ಶುರುವಾಗುತ್ತದೋ! ಅವಳು ತನ್ನ ಹೊತ್ತಿಗೇ ಮಾಡುತ್ತಿರುತ್ತಾಳೆ. ಕ್ಯಾಲೆಂಡರಿನಲ್ಲಿ ಆ ಭಾನುವಾರಗಳ ಸುತ್ತ ಒಂದು ಗೆರೆ ಎಳೆದಿಟ್ಟರೆ ವರ್ಷಕ್ಕೆ ಎರಡು ಮುನಿಸು ತಪ್ಪುತ್ತದೆ.

ದಿನಾ ಮಾತಾಡಲೇಬೇಕೆಂಬ ನಿಯಮ ಎರಡೂ ಕಡೆಗೆ ಭಾರ. ಮಾತು ಬತ್ತಿ ಕೊನೆಗೆ ಉಳಿಯುವುದು ಮೂರೇ ಪ್ರಶ್ನೆ: ಊಟ ಆಯ್ತಾ, ಏನು ಅಡುಗೆ, ಚಳಿ ಇದೆಯಾ. ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಂಡು, ಉಳಿದ ದಿನ ಒಂದು ಫೋಟೊ, ಒಂದು ಚಿಕ್ಕ ಧ್ವನಿ ಸಂದೇಶ ಕಳಿಸುವ ಏರ್ಪಾಡು ಹೆಚ್ಚು ಬಾಳಿಕೆ ಬರುತ್ತದೆ. ಆ ಎರಡು ದಿನವೂ ಬರೀ ಮಾತಿಗಿಂತ ಏನಾದರೂ ಒಂದು ಕೆಲಸ ಜೊತೆಯಲ್ಲಿ ಮಾಡುವುದು ಮೇಲು. ಮೊಮ್ಮಗು ಇದ್ದರಂತೂ ಕೆಲಸಕ್ಕೆ ಬರವಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಚಿತ್ರಗಳಿರುವ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಯೂ ಇಟ್ಟಿದ್ದಾರೆ. ಅಜ್ಜಿ ಇಲ್ಲಿಂದ ಪುಟ ತಿರುಗಿಸುತ್ತ ಓದಿದರೆ ಮಗು ಅಲ್ಲಿ ಚಿತ್ರ ನೋಡುತ್ತ ಕೇಳಬಹುದು. ‘ಅಜ್ಜಿಗೆ ಹಲೋ ಹೇಳು’ ಎಂದು ಮಗುವಿನ ಕೈಗೆ ಫೋನು ತುರುಕಿದರೆ ಅದು ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಕಥೆಯ ಮಂಗ ಮರದಿಂದ ಇಳಿಯುವವರೆಗೂ ನಿಲ್ಲುತ್ತದೆ.

ವಸತಿ ಕಾಲೇಜಿನ ಮಕ್ಕಳದ್ದು ಬೇರೆ ಕಥೆ. ಅಲ್ಲಿ ಮೊಬೈಲಿಗೆ ಅವಕಾಶವಿರುವುದಿಲ್ಲ. ವಾರಕ್ಕೊಮ್ಮೆ ಸರದಿಯಲ್ಲಿ ನಿಂತು ಐದಾರು ನಿಮಿಷ ಮಾತಾಡಿದರೆ ಮುಗಿಯಿತು. ಆ ಐದು ನಿಮಿಷದಲ್ಲಿ ಟೆಸ್ಟಿನ ಅಂಕ ಕೇಳಿದರೆ ಮುಂದಿನ ಕರೆಗೆ ಮಗ ತಾನೇ ಹಿಂಜರಿಯುತ್ತಾನೆ. ಕಾಗದ ಬರೆಯುವುದು ಇಲ್ಲಿ ಇಂದಿಗೂ ಕೆಲಸ ಮಾಡುತ್ತದೆ. ಮನೆಯ ನಾಯಿಯ ಸುದ್ದಿ, ಪಕ್ಕದ ಬೀದಿಯ ಕ್ರಿಕೆಟ್ ಜಗಳ, ಅಪ್ಪ ಸುಟ್ಟ ದೋಸೆ ಎಲ್ಲವನ್ನೂ ಬರೆದ ಒಂದು ಇನ್‌ಲ್ಯಾಂಡ್ ಪತ್ರವನ್ನು ಹಾಸ್ಟೆಲ್ ಕೋಣೆಯಲ್ಲಿ ಮಕ್ಕಳು ಎರಡೆರಡು ಬಾರಿ ಓದುತ್ತಾರೆ.

ನಮಗಾಗಿ ಕಾಯುವವರು ಯಾರು?

ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯ ಹುಟ್ಟಿದ್ದು 1913ರಲ್ಲಿ. ವಿಜಯ ಕಾಲೇಜಿನಿಂದ ನಿವೃತ್ತರಾದದ್ದು 1973ರಲ್ಲಿ. ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣ ಶುರು ಮಾಡಿದ್ದು 1991ರಲ್ಲಿ, ಅಂದರೆ ಎಪ್ಪತ್ತೆಂಟರ ವಯಸ್ಸಿನಲ್ಲಿ. ಓದುಗರು ಪದಗಳ ಬಗ್ಗೆ ಪ್ರಶ್ನೆ ಬರೆದು ಕಳಿಸುತ್ತಿದ್ದರು, ಅವರು ಉತ್ತರಿಸುತ್ತಿದ್ದರು; ವರ್ಷಗಟ್ಟಲೆ ನಡೆಯಿತು. 2021ರಲ್ಲಿ ನೂರೇಳು ತುಂಬಿದ ಮೇಲೆ ತೀರಿಕೊಂಡರು. ಸಾಹಿತಿ ಎ.ಎನ್. ಮೂರ್ತಿರಾಯರು ‘ದೇವರು’ ಪುಸ್ತಕ ಪ್ರಕಟಿಸಿದ್ದು ತೊಂಬತ್ತು ದಾಟಿದ ಮೇಲೆ. ಇವರೆಲ್ಲ ಅಸಾಮಾನ್ಯರು, ನಮಗೂ ಅವರಿಗೂ ಎಲ್ಲಿಯ ಹೋಲಿಕೆ ಎನ್ನುವುದು ಸರಿಯೇ. ಆದರೆ ವೆಂಕಟಸುಬ್ಬಯ್ಯನವರ ದಿನಚರಿಯಲ್ಲಿ ಸಾಮಾನ್ಯರೂ ಎರವಲು ಪಡೆಯಬಹುದಾದ ಒಂದು ಅಂಶವಿದೆ: ಮನೆಯವರಲ್ಲದ ಯಾರೋ ಅವರ ಕೆಲಸಕ್ಕಾಗಿ ಕಾಯುತ್ತಿದ್ದರು. ಅಂಕಣ ತಪ್ಪಿದರೆ ಕೇಳುವವರಿದ್ದರು.

ಹವ್ಯಾಸ ಎಂದೊಡನೆ ಮನೆಯೊಳಗೇ ಒಬ್ಬರೇ ಮಾಡುವ ಕೆಲಸಗಳನ್ನು ಹಲವರು ಆರಿಸಿಕೊಳ್ಳುತ್ತಾರೆ. ಪದಬಂಧ, ಕಸೂತಿ, ಧಾರಾವಾಹಿ, ಯೂಟ್ಯೂಬಿನ ಪ್ರವಚನ. ತಪ್ಪೇನಿಲ್ಲ. ಆದರೆ ಅದನ್ನು ಇವತ್ತು ಬಿಟ್ಟರೆ ಕೇಳುವವರಿಲ್ಲ, ಆದ್ದರಿಂದ ಬೇಗ ಬಿಟ್ಟೂ ಹೋಗುತ್ತದೆ. ವಾರದಲ್ಲಿ ಎರಡು ದಿನವಾದರೂ ‘ಇವತ್ತು ಯಾಕೆ ಬರಲಿಲ್ಲ’ ಎಂದು ಹೊರಗಿನವರು ಕೇಳುವಂಥ ಕೆಲಸವಿರಬೇಕು. ಅಂಥವು ನಮ್ಮ ಸುತ್ತ ಬೇಕಾದಷ್ಟಿವೆ.

ಹಳ್ಳಿಯಲ್ಲಿರುವವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಹತ್ತಿರದ ದಾರಿ. ಈಗ ಅದಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು. ಮಕ್ಕಳನ್ನು ಅಲ್ಲಿಗೆ ಕರೆತರಲು ಸರ್ಕಾರ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರು ಮಾಡಿತು. ಅನೇಕ ಕಡೆ ಪುಸ್ತಕವಿದೆ, ಮಕ್ಕಳೂ ಬರುತ್ತಾರೆ, ಜೊತೆಯಲ್ಲಿ ಕುಳಿತು ಓದಿಸುವ ದೊಡ್ಡವರಿಲ್ಲ. ನಿವೃತ್ತ ಮೇಷ್ಟರೇ ಆಗಬೇಕೆಂದಿಲ್ಲ. ಸ್ವಚ್ಛವಾಗಿ ಓದಲು ಬಂದರೆ ಸಾಕು. ಶನಿವಾರ ಮಧ್ಯಾಹ್ನ ಒಂದೂವರೆ ಗಂಟೆ ಎಂದು ಗ್ರಂಥಪಾಲಕರಿಗೆ ಮಾತು ಕೊಟ್ಟು ನೋಡಲಿ. ಮೂರನೇ ಶನಿವಾರದ ಹೊತ್ತಿಗೆ ಮಕ್ಕಳೇ ಮನೆ ಬಾಗಿಲಿಗೆ ಬಂದು ಕರೆಯುತ್ತಾರೆ.

ಕಂಠ ಚೆನ್ನಾಗಿರುವವರಿಗೆ ಇನ್ನೊಂದು ಕೆಲಸ ಕಾದಿದೆ. ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯ ಮಿತ್ರ ಜ್ಯೋತಿ ಸಂಸ್ಥೆ 1990ರಿಂದ ಅಂಧರಿಗಾಗಿ ಕೆಲಸ ಮಾಡುತ್ತಿದೆ; ಅದರ ಧ್ವನಿ ಪುಸ್ತಕಗಳಿಗೆ ಓದಿಕೊಡುವವರು ಸ್ವಯಂಸೇವಕರು. ಸಮಾಜಶಾಸ್ತ್ರದ ಪಠ್ಯವೊಂದನ್ನು ತಪ್ಪಿಲ್ಲದೆ, ಅವಸರವಿಲ್ಲದೆ ಓದಿ ಮುಗಿಸುವುದಕ್ಕೆ ವಾರಗಳೇ ಬೇಕು. ಆ ಪುಸ್ತಕಕ್ಕಾಗಿ ಒಬ್ಬ ವಿದ್ಯಾರ್ಥಿ ಪರೀಕ್ಷೆಯ ದಿನ ಎಣಿಸುತ್ತ ಕುಳಿತಿರುತ್ತಾನೆ. ಇಂಗ್ಲಿಷೂ ಕನ್ನಡವೂ ಚೆನ್ನಾಗಿ ಗೊತ್ತಿರುವವರು ಮೇಲೆ ಹೇಳಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳನ್ನು ಅನುವಾದಿಸಿ ತಾವೇ ಪ್ರಕಟಿಸಲೂಬಹುದು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸುತ್ತೋಲೆ ಓದಿದವರಿಗೆ ಇಲಿ-ಬೆಕ್ಕಿನ ಸಂಭಾಷಣೆ ಬರೆಯುವುದು ಮೊದಮೊದಲು ಕಷ್ಟ, ಆಮೇಲೆ ಚಟ.

ಕರಾವಳಿ ಮತ್ತು ಮಲೆನಾಡಿನವರಿಗೆ ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಅರ್ಥ ಹೇಳುವುದು. ಮಹಿಳೆಯರ ತಂಡಗಳೂ ಈಗ ಊರೂರಲ್ಲಿವೆ. ಒಂದು ಪಾತ್ರ ಒಪ್ಪಿಕೊಂಡರೆ ಪ್ರಸಂಗ ಓದಬೇಕು, ಎದುರಾಳಿ ಏನು ಕೇಳಬಹುದೆಂದು ಯೋಚಿಸಬೇಕು, ಜೊತೆಗೆ ಭಾಗವತರ ಪದ ಮುಗಿಯುವ ಜಾಗ ಗೊತ್ತಿರಬೇಕು. ಬುದ್ಧಿಗೆ ಇಷ್ಟು ಕಸರತ್ತು ಯಾವ ಮೊಬೈಲ್ ಆಟವೂ ಕೊಡದು. ಶಿವಮೊಗ್ಗದ ಬಳಿಯ ಮತ್ತೂರು-ಹೊಸಹಳ್ಳಿಯ ಕಡೆಯಾದರೆ ಕಾವ್ಯವನ್ನು ರಾಗವಾಗಿ ಓದುವ ಗಮಕ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಂಬತ್ತು ಕಳೆದಿತ್ತು.

ಜನರ ಗುಂಪು ಒಗ್ಗದವರೂ ಇರುತ್ತಾರೆ. ಅವರಿಗೆ ಮರ, ಹಕ್ಕಿಗಳಿವೆ. ‘ಸೀಸನ್‌ವಾಚ್’ ಎಂಬ ಜನವಿಜ್ಞಾನ ಯೋಜನೆಯಲ್ಲಿ ಒಂದು ಮರವನ್ನು ಆಯ್ದುಕೊಂಡು ವಾರಕ್ಕೊಮ್ಮೆ ಅದರ ಎಲೆ, ಹೂವು, ಕಾಯಿಗಳ ಸ್ಥಿತಿ ದಾಖಲಿಸುವುದಷ್ಟೇ ಕೆಲಸ. ಬೀದಿಯ ಹೊಂಗೆ ಆದರೂ ಸರಿ, ಹಿತ್ತಿಲ ಹಲಸು ಆದರೂ ಸರಿ. ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತ 2013ರಿಂದ ಅದರಲ್ಲಿ ಪಾಲ್ಗೊಳ್ಳುತ್ತಿದೆ. ಹದಿನೈದು ನಿಮಿಷ ಕುಳಿತು ಕಂಡದ್ದನ್ನು ಬರೆದು ಇ-ಬರ್ಡ್ ತಾಣಕ್ಕೆ ಸೇರಿಸಿದರೆ ಆಯಿತು. ಪಿಕಳಾರ, ಸೂರಕ್ಕಿ, ಮಡಿವಾಳ, ಕೆಂಬೂತ ಇಷ್ಟನ್ನು ಗುರುತಿಸಬಲ್ಲವರು ಧೈರ್ಯವಾಗಿ ಶುರು ಮಾಡಬಹುದು. ತಾರಸಿಯಲ್ಲಿ ತರಕಾರಿ ಬೆಳೆಯುವ ಬೆಂಗಳೂರಿನವರಿಗೆ ‘ಊಟ ಫ್ರಮ್ ಯುವರ್ ತೋಟ’ ಮೇಳ ಇದೆ. ಬೀಜ, ಗೊಬ್ಬರದ ಜೊತೆಗೆ ತಮ್ಮಂಥದೇ ಹುಚ್ಚಿನ ನಾಲ್ಕು ಜನ ಅಲ್ಲಿ ಸಿಗುತ್ತಾರೆ.

ಓದು ಅರ್ಧಕ್ಕೆ ನಿಂತ ತಾಯಂದಿರು ನಮ್ಮಲ್ಲಿ ಬಹಳ. ಇಗ್ನೊದಂಥ ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಲು ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಮಗಳು ಮೂಡುಬಿದಿರೆಯಲ್ಲಿ ಓದುವಾಗ ತಾಯಿ ಹಾಸನದಲ್ಲಿ ಕನ್ನಡ ಎಂ.ಎ. ಕಟ್ಟಿದರೆ ಫೋನಿನಲ್ಲಿ ಮಾತಾಡಲು ಹೊಸ ವಿಷಯವೂ ಹುಟ್ಟುತ್ತದೆ.

ಓಡಾಟವನ್ನೂ ಮರೆಯಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಅರವತ್ತು ತುಂಬಿದ ಗಂಡಸರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ 25 ರಿಯಾಯಿತಿ. ‘ನಿಮ್ಮಿಂದಲೇ ಖರ್ಚು’ ಎಂದು ಹೆಂಡತಿಯಿಂದ ಅನ್ನಿಸಿಕೊಳ್ಳುವ ಯೋಗ ಗಂಡಂದಿರಿಗೆ ಬಂದದ್ದು ಹೀಗೆ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ ಮಾತ್ರ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು.

ಇಬ್ಬರಿಗೆ ಏನು ಅಡುಗೆ

ಮಕ್ಕಳು ಹೊರಟ ಮನೆಯಲ್ಲಿ ಸದ್ದಿಲ್ಲದೆ ಕೆಡುವುದು ಊಟ. ‘ಇಬ್ಬರಿಗೆ ಏನು ಅಡುಗೆ ಮಾಡುವುದು’ ಎಂಬ ಮಾತಿನಿಂದ ಇದು ಆರಂಭ. ಐದು ಲೀಟರಿನ ಕುಕ್ಕರ್ ಅಟ್ಟ ಸೇರುತ್ತದೆ. ನಿನ್ನೆಯ ಸಾರಿಗೆ ಇವತ್ತಿನ ಅನ್ನ, ರಾತ್ರಿಗೆ ಉಪ್ಪಿಟ್ಟು ಅಥವಾ ಅವಲಕ್ಕಿ ಮೊಸರು, ನಡುನಡುವೆ ಕಾಫಿ, ಬಿಸ್ಕತ್ತು. ಕೋಸಂಬರಿ, ಪಲ್ಯ, ಮೊಳಕೆ ಕಾಳು, ಸೊಪ್ಪಿನ ಹುಳಿ ಒಂದೊಂದಾಗಿ ಎಲೆಯಿಂದ ಮಾಯವಾಗುತ್ತವೆ. ವಯಸ್ಸಾದಂತೆ ಸ್ನಾಯು ಸೊರಗುವುದು ಹೆಚ್ಚು, ಅದನ್ನು ತಡೆಯಲು ಬೇಳೆ, ಕಾಳು, ಹಾಲು, ಮೊಟ್ಟೆಯ ಪ್ರೊಟೀನು ಬೇಕು. ಸರಿಯಾಗಿ ಅದೇ ಹೊತ್ತಿನಲ್ಲಿ ಊಟದಲ್ಲಿ ಬರೀ ಅಕ್ಕಿ, ರವೆ ಉಳಿಯುತ್ತದೆ. ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ12 ಕೊರತೆ ಸಾಮಾನ್ಯ. ಅದು ಸುಸ್ತು, ಕಾಲು ಜೋಮು, ಮರೆವಿನ ರೂಪದಲ್ಲಿ ಕಾಣಿಸಿಕೊಂಡಾಗ ‘ಮಕ್ಕಳ ಚಿಂತೆ’ ಎಂದು ಮನೆಯವರು ತಳ್ಳಿಹಾಕುತ್ತಾರೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯವಿದು.

ಪರಿಹಾರ ಸರಳ, ಪಾತ್ರೆಗಳಿಂದಲೇ ಶುರುವಾಗುತ್ತದೆ. ಒಂದೂವರೆ, ಎರಡು ಲೀಟರಿನ ಕುಕ್ಕರ್, ಸಣ್ಣ ಬಾಣಲೆ ತಂದರೆ ಕಡಿಮೆ ಅಳತೆಯ ಅಡುಗೆ ಕಿರಿಕಿರಿ ಎನಿಸುವುದಿಲ್ಲ. ಹೆಸರುಕಾಳು, ಕಡಲೆ, ಹುರುಳಿಯನ್ನು ಭಾನುವಾರ ಒಮ್ಮೆ ಮೊಳಕೆ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನದ ಪಲ್ಯಕ್ಕೆ ಚಿಂತೆಯಿಲ್ಲ. ವಾರದಲ್ಲಿ ಎರಡು ದಿನ ಗಂಡನೇ ಅಡುಗೆ ಮಾಡುವುದು ಒಳ್ಳೆಯದು. ಇದು ಉದಾರತೆಯ ಮಾತಲ್ಲ, ವಿಮೆಯ ಮಾತು: ಹೆಂಡತಿ ಹದಿನೈದು ದಿನ ಆಸ್ಪತ್ರೆ ಸೇರಿದರೆ ಅನ್ನ-ಸಾರು ಮಾಡಲೂ ಬಾರದ ಗಂಡಸು ಮಕ್ಕಳಿಗೆ ವಿಮಾನದ ಟಿಕೆಟ್ ತೆಗೆಸುತ್ತಾನೆ. ಅದೇ ಲೆಕ್ಕದಲ್ಲಿ ಹೆಂಡತಿಗೂ ಎಟಿಎಂ, ಯುಪಿಐ, ಕರೆಂಟ್ ಬಿಲ್ ಕಟ್ಟುವುದು ಗೊತ್ತಿರಬೇಕು.

ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಹಾಕುವ ಕೈಗಳು ‘ಯಾರಿಗಾಗಿ’ ಎಂದು ನಿಲ್ಲುತ್ತವೆ. ನಿಲ್ಲಿಸಬೇಕಾಗಿಲ್ಲ. ಪಕ್ಕದ ಮೂರು ಮನೆಯವರು ಸೇರಿ ಒಂದೇ ತಾರಸಿಯಲ್ಲಿ ಹಾಕಿದರೆ ಕೆಲಸ ಹಗುರ, ಹರಟೆ ಉಚಿತ. ಮಾರುವ ಮನಸ್ಸಿದ್ದರೆ ಆಹಾರ ಸುರಕ್ಷತೆ ಪ್ರಾಧಿಕಾರದ ನೋಂದಣಿ ಮಾಡಿಸಿಕೊಳ್ಳಬೇಕು; ಮನೆಯಲ್ಲೇ ಮಾಡುವವರಿಗೂ ಅದು ಕಡ್ಡಾಯ.

ಇನ್ನು ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಂತೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕು. 65 ದಾಟಿದವರಿಗೆ ಇದರ ಜೊತೆಗೆ ವಾರದಲ್ಲಿ ಮೂರು ದಿನ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮವೂ ಬೇಕು. ನಮ್ಮವರು ನಡಿಗೆಯನ್ನು ಮಾಡುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಹತ್ತು ಬಾರಿ ಏಳುವುದು, ಇಷ್ಟಕ್ಕೆ ಜಿಮ್ ಬೇಡ. ಇಬ್ಬರೇ ಇರುವ ಮನೆಯಲ್ಲಿ ಬೀಳುವುದಕ್ಕಿಂತ ದೊಡ್ಡ ಅಪಾಯವಿಲ್ಲ. ಬಚ್ಚಲಿನಲ್ಲಿ ಹಿಡಿಕೆ, ಜಾರದ ಚಾಪೆ, ರಾತ್ರಿ ಉರಿಯುವ ಸಣ್ಣ ದೀಪ ಹಾಕಿಸುವುದನ್ನು ಮಗ ಬರುವ ಡಿಸೆಂಬರಿನವರೆಗೆ ಮುಂದೂಡಬಾರದು.

ಮನಸ್ಸಿನ ಮಾತೂ ಇಲ್ಲಿಯೇ. ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ವಾರ ಅಳು ಬರುವುದು ಸಹಜ. ಆದರೆ ಎರಡು ವಾರ ಕಳೆದರೂ ನಿದ್ದೆ, ಹಸಿವು ಮರಳದಿದ್ದರೆ, ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ ವೈದ್ಯರ ಬಳಿ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ.

ತೋಟದ ಮನೆಯ ಇಬ್ಬರು

ಶಿರಸಿ, ಸಾಗರ, ಪುತ್ತೂರು ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಹೊತ್ತು ಹೋಗುವುದಿಲ್ಲ ಎಂಬ ದೂರು ಇಲ್ಲ; ಹೊತ್ತು ಸಾಲದು ಎಂಬ ದೂರಿದೆ. ಎಪ್ಪತ್ತರ ಯಜಮಾನರು, ಅರವತ್ತೈದರ ಯಜಮಾನತಿ, ಎರಡು ದನ, ನಾಲ್ಕೆಕರೆ ತೋಟ. ಮಗ ಬೆಂಗಳೂರಿನಲ್ಲಿ. ಕೊನೆ ಕೊಯ್ಯುವವರು ಸಿಗುವುದಿಲ್ಲ, ಔಷಧಿ ಹೊಡೆಯುವವರು ಹೇಳಿದ ದಿನ ಬರುವುದಿಲ್ಲ, ಮಳೆಗಾಲದಲ್ಲಿ ಕೊಳೆರೋಗ ಬರುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಹಗಲಿಡೀ ದುಡಿದು ರಾತ್ರಿ ಮನೆಯಲ್ಲಿ ಇಬ್ಬರೇ. ಇವರಿಗೆ ಹೊಸ ಹವ್ಯಾಸ ಕಲಿಸಲು ಹೋಗುವುದು ಹಾಸ್ಯಾಸ್ಪದ. ಬೇಕಾಗಿರುವುದು ಹೊರೆ ಇಳಿಸುವುದು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಕೊಯ್ಲು, ಸಿಂಪಡಣೆ ಎರಡೂ ಆಗುತ್ತದೆ. ದೋಟಿ ಹಿಡಿದ ತರಬೇತಾದ ಹುಡುಗರ ತಂಡಗಳೂ ಹುಟ್ಟಿಕೊಂಡಿವೆ. ಫಸಲು ಗುತ್ತಿಗೆಗೆ ಕೊಡುವುದನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳದೆ, ಲಿಖಿತ ಕರಾರು ಮಾಡಿಕೊಂಡು ಒಂದು ಭಾಗವನ್ನಾದರೂ ಕೊಟ್ಟು ನೋಡಬಹುದು. ದನ ಎರಡರಿಂದ ಒಂದಕ್ಕೆ ಇಳಿದರೆ ಅಮ್ಮ ಮಗಳ ಮನೆಗೆ ನಾಲ್ಕು ದಿನ ಹೋಗಿ ಬರಲು ಸಾಧ್ಯವಾಗುತ್ತದೆ. ಈ ಬಗೆಯ ಅನುಭವಗಳು ಬೇಕೆಂದರೆ 1988ರಿಂದ ಪುತ್ತೂರಿನಿಂದ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’ಯಲ್ಲಿ ರೈತರೇ ಬರೆದದ್ದು ಸಿಗುತ್ತದೆ.

ಮಕ್ಕಳ ಬಳಿ ಹೋಗಿ ಇರುವುದು ಇನ್ನೊಂದು ದಾರಿ. ಅಮೆರಿಕದ ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಕೆನಡಾದ ‘ಸೂಪರ್ ವೀಸಾ’ದಲ್ಲಿ ತಂದೆ-ತಾಯಿ ಒಮ್ಮೆಗೆ ಐದು ವರ್ಷದವರೆಗೂ ಇರಬಹುದು, ಆದರೆ ಆರೋಗ್ಯ ವಿಮೆ ಕಡ್ಡಾಯ. ಹೋಗುವವರು ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ಹೋಗುವುದು ವಾಸಿ. ಹಿಮದ ತಿಂಗಳುಗಳಲ್ಲಿ ಕಾರು ಓಡಿಸಲು ಬಾರದವರಿಗೆ ಅಲ್ಲಿನ ಮನೆಯೂ ಇಲ್ಲಿನ ಮನೆಯಷ್ಟೇ ನಿಶ್ಶಬ್ದ. ಹೋದ ಊರಿನ ಸಾರ್ವಜನಿಕ ಗ್ರಂಥಾಲಯ, ಕನ್ನಡ ಕೂಟ, ಕನ್ನಡ ಕಲಿಸುವ ವಾರಾಂತ್ಯದ ಶಾಲೆ ಇವುಗಳ ವಿಚಾರವನ್ನು ಮಗನಿಂದ ಮೊದಲೇ ತಿಳಿದುಕೊಂಡು ಹೋಗಬೇಕು. ದುಬೈನಲ್ಲೂ ಕನ್ನಡ ಪಾಠಶಾಲೆ ನಡೆಯುತ್ತಿದೆ. ಇಲ್ಲಿ ಬೀಗ ಹಾಕಿ ಹೊರಡುವ ಮುನ್ನ ಠಾಣೆಗೆ ತಿಳಿಸಿ ಹೋಗುವುದು ಒಳ್ಳೆಯದು.

ಕಾಗದಪತ್ರದ ಒಂದು ಮಧ್ಯಾಹ್ನ

ಸಮಯವಿದ್ದಾಗ ಮಾಡಿ ಮುಗಿಸಬೇಕಾದ ಕೆಲಸವೊಂದಿದೆ. ಬ್ಯಾಂಕ್ ಪುಸ್ತಕ, ಠೇವಣಿ ರಸೀದಿ, ವಿಮೆ, ಪಹಣಿ, ಮನೆಯ ಖಾತೆ, ಆಸ್ಪತ್ರೆಯ ಕಡತ ಎಲ್ಲವನ್ನೂ ಒಂದು ಟ್ರಂಕಿಗೆ ತಂದು, ಎಲ್ಲಿ ಏನಿದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಜಂಟಿ ಖಾತೆ ‘ಇಬ್ಬರಲ್ಲಿ ಯಾರಾದರೂ’ ನಡೆಸಬಹುದಾದ ರೀತಿಯದಾಗಿರಲಿ. 2025ರ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಲು ಅವಕಾಶವಿದೆ. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಮೂಲ ಬ್ಯಾಂಕಿಂಗ್ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ; ಕೇಳಿದವರಿಗಷ್ಟೇ ಸಿಗುತ್ತದೆ, ಆದ್ದರಿಂದ ಕೇಳಬೇಕು. ಪಿಂಚಣಿದಾರರು ನವೆಂಬರಿನ ಜೀವಿತ ಪ್ರಮಾಣಪತ್ರಕ್ಕಾಗಿ ಸರದಿಯಲ್ಲಿ ನಿಲ್ಲಬೇಕಿಲ್ಲ, ಮೊಬೈಲಿನಲ್ಲಿ ಮುಖ ತೋರಿಸಿ ಸಲ್ಲಿಸಬಹುದು. 80 ದಾಟಿದ ಕೇಂದ್ರ ಪಿಂಚಣಿದಾರರಿಗೆ ಅಕ್ಟೋಬರಿನಿಂದಲೇ ಅವಕಾಶ.

ಮನೆ, ಜಮೀನನ್ನು ಮಕ್ಕಳ ಹೆಸರಿಗೆ ಬರೆದುಬಿಡುವ ಆತುರ ಬೇಡ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ದಾನಪತ್ರವನ್ನೇ ಮಾಡುವುದಾದರೆ ‘ನಮ್ಮನ್ನು ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಅದರಲ್ಲಿರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ, ಷರತ್ತು ಮುರಿದರೆ ಅಂಥ ವರ್ಗಾವಣೆಯನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು.

ಇಬ್ಬರೇ ಇರುವ ಮನೆಯ ಮೇಲೆ ವಂಚಕರ ಕಣ್ಣೂ ಇರುತ್ತದೆ. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡಿ ‘ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ’ ಎನ್ನುತ್ತಾರೆ. ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಇಲ್ಲ. ಮಗನದೇ ಧ್ವನಿಯಲ್ಲಿ ‘ಅಪಘಾತವಾಗಿದೆ, ಹಣ ಕಳಿಸು’ ಎಂಬ ಕರೆಯನ್ನೂ ಈಗ ಯಂತ್ರ ಸೃಷ್ಟಿಸಬಲ್ಲದು. ಮನೆಮಂದಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತು, ಸತ್ತ ಹಸುವಿನ ಹೆಸರೋ ಅಜ್ಜನ ಅಡ್ಡಹೆಸರೋ, ಮೊದಲೇ ಗೊತ್ತು ಮಾಡಿಕೊಂಡರೆ ಒಂದೇ ಪ್ರಶ್ನೆಯಲ್ಲಿ ಸತ್ಯ ಹೊರಬೀಳುತ್ತದೆ. ಹಣ ಹೋಗಿಯೇಬಿಟ್ಟರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಈ ಲೇಖನ ಓದಿ ಮುಗಿಸಿದ ಮೇಲೆ ಮಾಡಬಹುದಾದ ಮೊದಲ ಕೆಲಸ ಹತ್ತು ನಿಮಿಷದ್ದು. ಒಂದು ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ: ತುರ್ತಿಗೆ 112, ಆಂಬುಲೆನ್ಸಿಗೆ 108, ಸೈಬರ್ ವಂಚನೆಗೆ 1930, ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 (ಬೆಳಿಗ್ಗೆ 8ರಿಂದ ರಾತ್ರಿ 8), ಬೆಂಗಳೂರಿನವರಾದರೆ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ 2002ರಲ್ಲಿ ಸೇರಿ ಶುರು ಮಾಡಿದ ಹಿರಿಯರ ಸಹಾಯವಾಣಿ 1090. ಅದರ ಕೆಳಗೆ, ಮಗನ ನಂಬರಿಗಿಂತ ಮೇಲೆ, ಐದು ನಿಮಿಷದಲ್ಲಿ ಓಡಿ ಬರಬಲ್ಲ ಪಕ್ಕದ ಮನೆಯವರ ನಂಬರು. ಅವರ ಬಳಿ ನಿಮ್ಮ ಮನೆಯ ಇನ್ನೊಂದು ಕೀಲಿ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ.